ಬಸ್ತಿಹಳ್ಳಿಗೆ ಬಂದ ಹುಲಿ

ನಾಯಿ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಅರಸೀಕೆರೆಗೆ ಕೊಬ್ಬರಿ ಹಾಕಲು ಹೋಗಿದ್ದ ಅಪ್ಪ ಸಂಜೆ ಬಸ್ಸಿಳಿದು ಬಂದಾಗ ಅವರ ಹೆಗಲ ಮೇಲೆ ಒಂದು ಗೋಣಿಚೀಲವಿತ್ತು. ಚೀಲ ಅಲ್ಲಾಡುತ್ತಿತ್ತು.

"ಏನ್ರೀ ಅದು, ಜೀವ ಐತೆ?" ಎಂದಳು ಅಮ್ಮ, ಹೊಸಿಲ ಒಳಗಿನಿಂದಲೇ.

"ಕೋತಿಗೆ ಔಷಧಿ," ಎಂದರು ಅಪ್ಪ.

ಚೀಲದ ಬಾಯಿ ಬಿಚ್ಚಿದಾಗ ಹೊರಬಂದದ್ದು ಒಂದು ವರ್ಷದ ನಾಯಿ. ಮಂಡಿಯ ಗೋಡೌನು ಕಾಯುವ ಜವರಪ್ಪ ಕೊಟ್ಟನಂತೆ. ಇದರ ತಾಯಿ ಬೊಗಳಿದರೆ ರೈಲ್ವೆ ಸ್ಟೇಷನ್ನಿನವರೆಗೂ ಕೋತಿ ಉಳಿಯುತ್ತಿರಲಿಲ್ಲವಂತೆ. ನಾಯಿ ದುಂಡಗೆ, ಕಂದು ಬಣ್ಣಕ್ಕೆ, ಅಟ್ಟದಲ್ಲಿ ವರ್ಷವಿಡೀ ಒಣಗಿ ಕರಟ ಬಿಟ್ಟ ಕೊಬ್ಬರಿ ಗಿಟುಕಿನ ಹಾಗೇ ಇತ್ತು. ಅಮ್ಮ ನೋಡಿದ ತಕ್ಷಣ "ಇದೊಳ್ಳೆ ಗಿಟುಕು" ಎಂದಳು. ಹೆಸರು ಅದೇ ಆಯಿತು.

"ಹೇಮಾ, ಇದು ನಿನ್ನ ಜವಾಬ್ದಾರಿ," ಎಂದರು ಅಪ್ಪ. "ನಿಂಗೇನು, ಮನೇಲೇ ಇರ್ತೀಯಲ್ಲ."

ಮನೆಯಲ್ಲೇ ಇರುತ್ತೇನೆ ಎಂಬುದು ನಿಜ. ನನಗೆ ಇಪ್ಪತ್ತೆರಡು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ. ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು. ಒಂದು ದಿನ ಹೊಟ್ಟೆನೋವು ಎಂದೆ, ಆಮೇಲೆ ಒಂದು ವಾರ ಎಂದೆ, ಆಮೇಲೆ ಯಾರೂ ಕೇಳಲಿಲ್ಲ. ಈಗ ಮದುವೆ ಮನೆಗಳಲ್ಲಿ ಮೆಹಂದಿ ಹಾಕುತ್ತೇನೆ. ಆ ಕೆಲಸಕ್ಕೆ ಮಾತು ಬೇಡ, ತಲೆ ತಗ್ಗಿಸಿಕೊಂಡೇ ಇರಬಹುದು. ಹೆಂಗಸರು ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿಕೊಳ್ಳುತ್ತಾರೆ. ಹಾಗಾಗಿ ಹಳೇಬೀಡು, ಬಸ್ತಿಹಳ್ಳಿಯ ಅರ್ಧ ಮನೆಗಳ ಒಳಗಿನ ವಿಷಯ ನನಗೆ ಗೊತ್ತು. ನನ್ನ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ ತಿಳಿಯದು.

ಗಿಟುಕಿನ ಮೇಲೆ ನನಗೆ ಇದ್ದ ದೂರು ಒಂದೇ. ಅದು ಮುಖ ನೋಡುತ್ತಿತ್ತು. ಮನುಷ್ಯರಾದರೆ ನಾನು ಕಣ್ಣು ತಪ್ಪಿಸಿದ ಕೂಡಲೇ ಅವರೂ ಬೇರೆ ಕಡೆ ತಿರುಗುತ್ತಾರೆ. ಇದು ಹಾಗಲ್ಲ. ನಾನು ಈ ಕಡೆ ತಿರುಗಿದರೆ ಈ ಕಡೆ ಬಂದು ಕೂರುತ್ತಿತ್ತು, ಆ ಕಡೆ ತಿರುಗಿದರೆ ಆ ಕಡೆ. ಮುದ್ದೆ ತಿನ್ನುವಾಗಲೂ ಒಂದು ಕಣ್ಣು ನನ್ನ ಮೇಲೆ. ಸಾಲದ ಬಾಕಿ ಕೇಳಲು ಬಂದವರ ಹಾಗೆ ಕೂತಿರುತ್ತದಲ್ಲ ಎಂದು ನನಗೆ ರೇಗುತ್ತಿತ್ತು.

ಕೋತಿ ಓಡಿಸುವ ವಿಷಯ ಕೇಳಲೇಬೇಡಿ. ನಮ್ಮದು ಎರಡೆಕರೆ ತೆಂಗಿನ ತೋಟ. ಬೆಳಗಾದರೆ ಮೂವತ್ತು ಕೋತಿ ಬಂದು ಎಳೆಕಾಯಿ ಕಿತ್ತು, ಒಂದು ಗುಟುಕು ಕುಡಿದು, ಕೆಳಗೆ ಎಸೆಯುತ್ತಿದ್ದವು. ಗಿಟುಕು ಮೊದಲ ದಿನ ಬೊಗಳಿತು. ಎರಡನೇ ದಿನ ಒಂದು ಮುದಿ ಕೋತಿ ಹಿಂದಿನಿಂದ ಬಂದು ಅದರ ಬಾಲ ಜಗ್ಗಿತು. ಮೂರನೇ ದಿನದಿಂದ ಗಿಟುಕು ನನ್ನ ಕಾಲ ಹಿಂದೆ ನಿಂತು ಬೊಗಳತೊಡಗಿತು.

"ಜವರಪ್ಪ ಟೋಪಿ ಹಾಕವ್ನೆ," ಎಂದಳು ಅಮ್ಮ.

ಅಪ್ಪ ಸೋಲುವವರಲ್ಲ. ಬೇಲೂರಿಗೆ ಹೋಗಿ ಆಟಿಕೆ ಅಂಗಡಿಯಿಂದ ಹತ್ತಿ ತುಂಬಿದ ದೊಡ್ಡ ಹುಲಿ ಬೊಂಬೆ ತಂದು ತೋಟದ ನಡುವೆ ಕಂಬಕ್ಕೆ ಕಟ್ಟಿದರು. ಪಕ್ಕದ ತೋಟದ ತಮ್ಮಯ್ಯ ಮಾವ ಬೇಲಿಯಾಚೆಯಿಂದ, "ಏನ್ಲಾ ಷಡಕ್ಷರಿ, ಮೊಮ್ಮಗು ಬರೋಕೂ ಮುಂಚೆ ಆಟದ ಸಾಮಾನು ತಂದಿದೀಯಲ್ಲಾ?" ಎಂದು ನಕ್ಕರು. ಆದರೆ ಎರಡು ದಿನ ಒಂದು ಕೋತಿಯೂ ಇಳಿಯಲಿಲ್ಲ.

ನಾನು ಹಿತ್ತಲ ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ನೋಡುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಕೋತಿಗಳು ಮರದ ಮೇಲೆ ಕೂತು ಆ ಹುಲಿಯನ್ನು ನನ್ನ ಹಾಗೆಯೇ ನೋಡುತ್ತಿದ್ದವು. ಮೂರನೇ ದಿನ ಮುದಿ ಕೋತಿ ಒಂದು ಸೋಗೆ ಎಸೆಯಿತು. ಹುಲಿ ಅಲ್ಲಾಡಲಿಲ್ಲ. ಇನ್ನೊಂದು ಎಸೆಯಿತು. ಅರ್ಧ ಗಂಟೆಯಲ್ಲಿ ಹುಲಿ ತೆಂಗಿನ ಮರದ ತುದಿಯಲ್ಲಿತ್ತು, ಅದರ ಹೊಟ್ಟೆಯ ಹತ್ತಿ ತೋಟದ ತುಂಬ ಹಾರುತ್ತಿತ್ತು.

ಅಪ್ಪ ಊಟ ಬಿಟ್ಟು ಮಲಗಿದರು. ನಾನು ಮಾತ್ರ ಅದನ್ನೇ ಯೋಚಿಸುತ್ತಿದ್ದೆ. ಕೋತಿಗಳಿಗೆ ಪಟ್ಟೆಯ ಭಯ ನಿಜವಾಗಿಯೂ ಇತ್ತು. ಬೊಂಬೆ ಅಲ್ಲಾಡದಿದ್ದದ್ದೇ ಕೆಲಸ ಕೆಡಿಸಿತು. ಅಲ್ಲಾಡುವ ವಸ್ತುವೊಂದು ನನ್ನ ಎದುರಿಗೇ ಬಾಲ ಬಡಿಯುತ್ತಾ ಮುಖ ನೋಡುತ್ತಿತ್ತು.

ಕರಟ ಸುಟ್ಟು ಅರೆದ ಮಸಿ, ಸ್ವಲ್ಪ ಹರಳೆಣ್ಣೆ, ನಿಲ್ಲಲಿ ಎಂದು ನೆನೆಸಿದ ಮೆಹಂದಿ ಪುಡಿ. ಬೇರೇನೂ ಬೆರೆಸಲಿಲ್ಲ, ನಾಯಿ ನೆಕ್ಕುತ್ತದೆ. ಗಿಟುಕನ್ನು ಹಿತ್ತಲಲ್ಲಿ ನಿಲ್ಲಿಸಿ ಎರಡು ತಾಸು ಬರೆದೆ. ಮದುವೆ ಹೆಣ್ಣಿಗಿಂತ ಎಷ್ಟೋ ವಾಸಿ, ಫೋನು ಬಂತೆಂದು ಕೈ ಎಳೆದುಕೊಳ್ಳಲಿಲ್ಲ. ಬೆನ್ನಿನಿಂದ ಪಕ್ಕೆಗೆ ಇಳಿಯುವ ಪಟ್ಟೆ, ಕಾಲಿಗೆ ಬಳೆಯಂಥ ಪಟ್ಟೆ, ಹಣೆಗೆ ಮೂರು ಗೆರೆ. ಮುಗಿಸಿ ದೂರ ನಿಂತು ನೋಡಿದಾಗ ನನಗೇ ಎದೆ ಝಲ್ಲೆಂದಿತು.

ಬೆಳಿಗ್ಗೆ ತೋಟದಲ್ಲಿ ಕಿರುಚಾಟ ಎದ್ದಿತು. ನಾಯಿಯದಲ್ಲ, ಕೋತಿಗಳದು. ಮೂವತ್ತೂ ಕೋತಿಗಳು ಮರದಿಂದ ಮರಕ್ಕೆ ಹಾರಿ ತಮ್ಮಯ್ಯ ಮಾವನ ತೋಟಕ್ಕೆ ಹೋದವು. ತನ್ನನ್ನು ಕಂಡು ಯಾರೋ ಓಡುತ್ತಿದ್ದಾರೆ ಎಂಬುದು ಗಿಟುಕಿಗೆ ಹೊಸದು. ಅದು ಎರಡು ಸಲ ಹಿಂದೆ ತಿರುಗಿ, ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿತು. ಆಮೇಲೆ ಎದೆಯುಬ್ಬಿಸಿ ನಡೆಯಿತು.

ಅಪ್ಪ ನಂಬಲಾರದೆ ನಿಂತಿದ್ದರು. "ನೀನು ಮಾಡಿದ್ದಾ?" ಎಂದರು. ಹೌದೆಂದು ತಲೆಯಾಡಿಸಿದೆ. "ಯಾರ್ಗೂ ಬಾಯಿ ಬಿಡಬೇಡ ಕಣವ್ವ. ಊರಲ್ಲೆಲ್ಲ ಇದನ್ನೇ ಮಾಡಿದ್ರೆ ಕೋತಿಗೆ ಗೊತ್ತಾಗೋಯ್ತದೆ." ಬಾಯಿ ಬಿಡಬೇಡ ಎಂದು ನನಗೆ ಹೇಳಬೇಕಾಗಿರಲಿಲ್ಲ.

ಹನ್ನೆರಡು ದಿನ ಹೀಗೇ ನಡೆಯಿತು. ನಾನು ಎರಡು ದಿನಕ್ಕೊಮ್ಮೆ ಮಾಸಿದ ಕಡೆ ತಿದ್ದುತ್ತಿದ್ದೆ. ಬೇಲಿಯಾಚೆ ತಮ್ಮಯ್ಯ ಮಾವ ಡಬ್ಬ ಬಡಿಯುವ ಸದ್ದು ಬರುತ್ತಿತ್ತು. ಅದು ಕೇಳಿದಾಗ ನನಗೆ ಒಂದು ಥರ ಆಗುತ್ತಿತ್ತು, ಆದರೂ ಸುಮ್ಮನಿದ್ದೆ.

ಹದಿಮೂರನೇ ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದಿತ್ತು. ಗಿಟುಕು ಇರಲಿಲ್ಲ.

ಮೊದಲು ಗಾಬರಿಯಾಗಲಿಲ್ಲ. ತೋಟವೆಲ್ಲ ಸುತ್ತಿ ಬಂದೆ. ಅಷ್ಟರಲ್ಲಿ ಡೈರಿಗೆ ಹಾಲು ಹಾಕಲು ಹೋಗಿದ್ದ ಅಮ್ಮ ಖಾಲಿ ಕ್ಯಾನು ಹಿಡಿದು ಓಡೋಡಿ ಬಂದಳು.

"ಕೆರೆ ಏರಿ ಮೇಲೆ ಹುಲಿ ಬಂದೈತಂತೆ! ಯಾರೋ ಫೋನಲ್ಲಿ ಫೋಟೋ ಹಿಡಿದವ್ರೆ. ಎಲ್ಲರ ವಾಟ್ಸಾಪಿಗೂ ಬಂದೈತೆ. ನಾನು ನೋಡ್ದೆ ಕಣೇ... ನಮ್ಮದೇ."

ಅಪ್ಪ ಬನಿಯನ್ನಿನಲ್ಲೇ ಜಗಲಿಯ ಮೇಲೆ ಕುಸಿದರು. ಊರಲ್ಲಿ ಅಪ್ಪನಿಗೆ ಮರ್ಯಾದೆಯಿದೆ. ಮಠದ ಕೆಲಸವಿರಲಿ, ನ್ಯಾಯ ಪಂಚಾಯ್ತಿಯಿರಲಿ, ಷಡಕ್ಷರಪ್ಪನವರನ್ನು ಕರೀರಿ ಎನ್ನುತ್ತಾರೆ.

"ಸುಮ್ನಿರಿ ಇಬ್ರೂ," ಎಂದರು. "ನಾಯಿಗೆ ಬಣ್ಣ ಬಳಿದು ಊರಿಗೇ ಹುಲಿ ಬಿಟ್ಟ ಅಂತ ಗೊತ್ತಾದ್ರೆ ನಾನು ತಲೆ ಎತ್ಕೊಂಡು ತಿರುಗೋಕಾಯ್ತದಾ? ಅದು ತಾನಾಗೇ ಬತ್ತದೆ. ಬಂದ ತಕ್ಷಣ ಸೀಗೆಕಾಯಿ ಹಾಕಿ ತಿಕ್ಕು."

"ಬರೋಕೆ ಮುಂಚೆ ಹೊಡೆದುಬಿಟ್ರೆ?" ಎಂದೆ.

ಬೀದಿಯಲ್ಲಿ ಹತ್ತಾರು ಹುಡುಗರು ದೊಣ್ಣೆ, ಮಚ್ಚು ಹಿಡಿದು ಹೋಗುತ್ತಿದ್ದರು. ಒಬ್ಬನ ಕೈಯಲ್ಲಿ ಪಟಾಕಿ ಸರ. ಕಾಫಿ ತೋಟದ ಕಡೆಯಿಂದ ಕೋವಿ ಇರುವವರೊಬ್ಬರನ್ನು ಕರೆಸುತ್ತಿದ್ದಾರೆಂದು ಒಬ್ಬ ಕೂಗಿ ಹೇಳಿದ. ಗಿಟುಕಿಗೆ ಮನುಷ್ಯರೆಂದರೆ ಭಯವೇ ಇಲ್ಲ. ದೊಣ್ಣೆ ಹಿಡಿದು ಬಂದವರ ಹತ್ತಿರವೂ ಬಾಲ ಅಲ್ಲಾಡಿಸುತ್ತಾ ಹೋಗಿ ಮುಖ ನೋಡುತ್ತಾ ನಿಲ್ಲುತ್ತದೆ.

ನಾನು ಚಪ್ಪಲಿ ಮೆಟ್ಟಿದೆ. "ಎಲ್ಲಿಗೆ?" ಎಂದರು ಅಪ್ಪ. ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ನಿಂತುಬಿಡುತ್ತಿದ್ದೆ.

ಬಸದಿಯ ಮುಂದಿನ ರಸ್ತೆಯಲ್ಲಿ ನೂರು ಜನ ಸೇರಿದ್ದರು. ನಡುವೆ ಅರಣ್ಯ ಇಲಾಖೆಯ ಗಾರ್ಡ್ ಚೇತನ್‌ಕುಮಾರ್. ಹೊಸದಾಗಿ ಬಂದವರು, ಮೀಸೆ ಇನ್ನೂ ಪೂರ್ತಿ ಬಂದಿಲ್ಲ. "ಈ ಕಡೆ ಚಿರತೆ ಇರೋದು ನಿಜ, ಹುಲಿ ಇಲ್ಲ ಕಣ್ರಪ್ಪಾ. ಸಾಹೇಬ್ರು ಬರೋವರೆಗೂ ಯಾರೂ ಕೆರೆ ಕಡೆ ಹೋಗ್ಬೇಡಿ," ಎಂದು ಹೇಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

"ಫೋಟೋದಲ್ಲಿ ಕಾಣಾಕಿಲ್ವೇನ್ರೀ ಪಟ್ಟೆ? ಚಿರತೆಗೆ ಪಟ್ಟೆ ಇರ್ತದಾ?" ಎಂದ ಒಬ್ಬ.

"ನಮ್ಮ ತೋಟದ ಹತ್ರ ಎರಡು ದಿನದಿಂದ ಗುರ್ ಗುರ್ ಸದ್ದು ಬತ್ತಿತ್ತು," ಎಂದರು ತಮ್ಮಯ್ಯ ಮಾವ. ಅದು ಅವರದೇ ಮೋಟರ್ ಪಂಪಿನ ಸದ್ದು. ನನಗೆ ಗೊತ್ತಿತ್ತು.

ನಾನು ಜನರ ನಡುವೆ ನುಸುಳಿ ಗಾರ್ಡ್ ಹತ್ತಿರ ಹೋಗಿ, "ಸಾರ್, ಅದು ನಮ್ಮ ನಾಯಿ," ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೇ ಸಲಕ್ಕೆ ಅವರು ಬಗ್ಗಿ ನೋಡಿದರು.

"ಏನಮ್ಮಾ, ನಿಮ್ಮ ನಾಯಿ ಕಾಣ್ತಿಲ್ವಾ?"

ಹೌದು ಎಂದು ತಲೆಯಾಡಿಸಿಬಿಟ್ಟೆ. ಅದು ನಿಜವೂ ಆಗಿತ್ತಲ್ಲ.

"ಅಯ್ಯೋ, ಷಡಕ್ಷರಪ್ಪನ ನಾಯಿನ ಹುಲಿ ಎತ್ಕೊಂಡು ಹೋಗೈತಂತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಷಣದಲ್ಲಿ ಅದು ಗುಂಪಿನ ಕೊನೆಗೆ ತಲುಪಿ, ಎರಡು ನಾಯಿ ಒಂದು ಕರು ಆಗಿ ವಾಪಸ್ ಬಂತು. ಹುಡುಗರು ದೊಣ್ಣೆ ಎತ್ತಿಕೊಂಡು ಕೆರೆಯ ಕಡೆ ಹೊರಟರು.

ಶಾಲೆಯಲ್ಲಿ ಎದ್ದು ನಿಂತಾಗ ಆಗುತ್ತಿದ್ದಂತೆಯೇ ಗಂಟಲು ಕಟ್ಟಿತ್ತು. ಆದರೆ ಅಲ್ಲಿ ನಾನು ಓದದೆ ಸುಮ್ಮನೆ ನಿಂತರೆ ಬೇರೆ ಯಾರೋ ಓದುತ್ತಿದ್ದರು. ಇಲ್ಲಿ ಈ ವಿಷಯ ಗೊತ್ತಿದ್ದವರು ಇದ್ದದ್ದೇ ಮೂರು ಜನ. ಅದರಲ್ಲಿ ಇಬ್ಬರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು.

ಗಾರ್ಡ್ ಕೈಯಿಂದ ಫೋನು ಕಿತ್ತುಕೊಂಡೆ. ಹಾಗೆ ಒಬ್ಬರ ಕೈಯಿಂದ ಏನನ್ನೂ ನಾನು ಯಾವತ್ತೂ ಕಿತ್ತುಕೊಂಡವಳಲ್ಲ. ಫೋಟೋ ದೊಡ್ಡದು ಮಾಡಿದೆ. ದೂರದಿಂದ ತೆಗೆದದ್ದು, ಮಸುಕಾಗಿತ್ತು. ಆದರೂ ನನ್ನ ಕೈಕೆಲಸ ನನಗೆ ಗೊತ್ತಾಗದೆ ಇರುತ್ತದೆಯೇ? ಹಿಂದಿನ ತೊಡೆಯ ಮೇಲೆ ಪಟ್ಟೆ ಬರೆಯುತ್ತಾ ಬರೆಯುತ್ತಾ, ಅಭ್ಯಾಸದ ಕೈ, ತುದಿಯಲ್ಲಿ ಸುರುಳಿ ಸುತ್ತಿ ಒಂದು ಮಾವಿನಕಾಯಿ ಬರೆದುಬಿಟ್ಟಿತ್ತು. ಒಳಗೆ ಚುಕ್ಕಿ ಸಮೇತ.

"ಸಾರ್, ಇಲ್ಲಿ ನೋಡಿ," ಎಂದೆ. ಧ್ವನಿ ಒಡೆದು ಕೀರಲಾಗಿ ಬಂತು. ಅದಕ್ಕೇ ಇರಬೇಕು, ಎಲ್ಲರೂ ತಿರುಗಿದರು. "ಹುಲಿಗೆ ಮಾವಿನಕಾಯಿ ಇರ್ತದಾ ಸಾರ್?"

ಚೇತನ್‌ಕುಮಾರ್ ನೋಡಿದರು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು. ಅವರ ಭುಜದ ಮೇಲಿಂದ ವೆಂಕಟಲಕ್ಷ್ಮಮ್ಮನವರು ಕತ್ತು ಚಾಚಿದರು. ಕಳೆದ ಮಾಘದಲ್ಲಿ ಅವರ ಮಗಳು ವಿಭಾಳ ಮದುವೆಗೆ ಮೆಹಂದಿ ಹಾಕಿದ್ದು ನಾನೇ.

"ಅಯ್ಯೋ ಶಿವನೇ! ಇದು ನಮ್ಮ ವಿಭಾ ಕೈಮೇಲೆ ಹಾಕಿದ್ದ ಡಿಸೈನು ಕಣ್ರೀ!"

"ಅದು ಹುಲಿಯಲ್ಲ. ನಮ್ಮ ನಾಯಿ, ಗಿಟುಕು," ಎಂದೆ. "ಕೋತಿ ಓಡ್ಸೋಕೆ ಅಂತ ನಾನೇ ಪಟ್ಟೆ ಬರೆದಿದೀನಿ. ಕರಟದ ಮಸೀಲಿ. ಯಾರೂ ಹೊಡೀಬೇಡಿ. ಅದು ಕಚ್ಚಲ್ಲ. ಓಡೋಕೂ ಬರಲ್ಲ ಅದಕ್ಕೆ."

ಆಮೇಲೆ ನಗು. ಹಿಂದಿನ ಸಾಲಿನಿಂದ ಶುರುವಾಗಿ ಮುಂದಿನವರೆಗೂ ಬಂತು. ನನ್ನ ಕಿವಿ ಸುಡುತ್ತಿತ್ತು. ನಗದವರು ತಮ್ಮಯ್ಯ ಮಾವ ಒಬ್ಬರೇ.

"ಹಂಗಾದ್ರೆ ಕೋತಿನೆಲ್ಲ ನನ್ನ ತೋಟಕ್ಕೆ ಅಟ್ಟಿದ್ದು ನೀವಾ? ಹನ್ನೆರಡು ದಿನದಿಂದ ಡಬ್ಬ ಬಡಿದು ಬಡಿದು ನನ್ನ ರಟ್ಟೆ ಬಿದ್ದೋಗೈತೆ! ಎಲ್ಲಿ ನಿಮ್ಮಪ್ಪ?"

"ಇಲ್ಲೇ ಇದೀನಪ್ಪಾ," ಎಂಬ ಮಾತು ಕೇಳಿಸಿತು. ಅಪ್ಪ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದಿದ್ದರು. ಗುಂಪು ದಾರಿ ಬಿಟ್ಟಿತು. ಅವರು ನನ್ನ ಪಕ್ಕ ಬಂದು ನಿಂತು, ಕೆಮ್ಮಿ, "ಹುಡುಗೀದೇನೂ ತಪ್ಪಿಲ್ಲ. ಬಾಯಿ ಬಿಡಬೇಡ ಅಂದಿದ್ದು ನಾನು," ಎಂದರು.

ಇನ್ನೇನಾದರೂ ಹೇಳುವ ಮುಂಚೆ ಕೆರೆಯ ಕಡೆಯಿಂದ ಕೂಗು ಬಂತು. ಮುಂದೆ ಹೋಗಿದ್ದ ಹುಡುಗರು ಏರಿ ಮೇಲಿಂದ ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. ಅವರೆದುರು ಲಂಟಾನದ ಪೊದೆಯಿಂದ ಗಿಟುಕು ಹೊರಬಂದಿತ್ತು. ಮೈಗೆ ಮುಳ್ಳು ಮೆತ್ತಿಕೊಂಡಿತ್ತು. ಅವರಿಗೆ ನನ್ನ ಮಾತು ಕೇಳಿಸಿರಲಿಲ್ಲ. ಒಬ್ಬ ದೊಣ್ಣೆ ಎತ್ತಿದ.

ನಾನು ಓಡಿದೆ. ಹುಡುಗರ ನಡುವೆ ಹಾದು ಅದರ ಮುಂದೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಹಿಂದಿನಿಂದ ಆ ಹುಡುಗರಲ್ಲೊಬ್ಬ "ಬೇಡ ಕಣಮ್ಮಾ, ಹತ್ರ ಹೋಗ್ಬೇಡಾ!" ಎಂದು ಅಳುವ ದನಿಯಲ್ಲಿ ಕೂಗಿದ. ಗಿಟುಕು ನನ್ನ ಮುಖ ನೋಡಿತು. ನಾನೂ ನೋಡಿದೆ. ಆಮೇಲೆ ಅದು ಅಲ್ಲೇ ಮಲಗಿ ನಾಲ್ಕೂ ಕಾಲು ಮೇಲೆತ್ತಿತು. ಹೊಟ್ಟೆ ಬೆಳ್ಳಗಿತ್ತು. ಹೊಟ್ಟೆಗೆ ನಾನು ಪಟ್ಟೆ ಬರೆದಿರಲಿಲ್ಲ, ಕೋತಿಗಳಿಗೆ ಅದು ಕಾಣುವುದಿಲ್ಲವಲ್ಲ ಎಂದು.

ದೊಣ್ಣೆ ಎತ್ತಿದ್ದವನು ಮೆಲ್ಲಗೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, "ನಂಗೆ ಮೊದಲೇ ಡೌಟಿತ್ತು," ಎಂದ.

ಚೇತನ್‌ಕುಮಾರ್ ನನಗೆ ಹತ್ತು ನಿಮಿಷ ಬೈದರು. ಬೈಯುವಾಗಲೂ ಅವರ ಒಂದು ಕೈ ಗಿಟುಕಿನ ಕಿವಿ ತುರಿಸುತ್ತಿತ್ತು. ದನದ ಡಾಕ್ಟರ ಹತ್ತಿರ ಬಣ್ಣ ತೋರಿಸಿ ಕೇಳಬೇಕು, ಕತ್ತಿಗೆ ಗಂಟೆ ಕಟ್ಟಬೇಕು, ತೋಟ ಬಿಟ್ಟು ಹೊರಗೆ ಬಿಡಕೂಡದು, ಇಂಥದ್ದು ಮಾಡುವ ಮುಂಚೆ ಊರಿಗೆ ಹೇಳಬೇಕು ಎಂದರು. ಎಲ್ಲದಕ್ಕೂ ಹೂಂ ಎಂದೆ. ಆಮೇಲೆ ತಮ್ಮಯ್ಯ ಮಾವನ ಕಡೆ ತಿರುಗಿ, "ಮಾವ, ಡಾಕ್ಟ್ರು ಆಗ್ಬೋದು ಅಂದ್ರೆ ನಿಮ್ಮ ನಾಯಿಗೂ ಹಾಕಿಕೊಡ್ತೀನಿ," ಎಂದೆ.

"ಮಾವಿನಕಾಯಿ ಬೇಡ ನಂದಕ್ಕೆ," ಎಂದರು ಅವರು, ಮುಖ ಗಂಟು ಹಾಕಿಕೊಂಡೇ. "ಅದು ಗಂಡು."

ಒಂದು ವಾರ ಊರಲ್ಲಿ ನನ್ನ ಹೆಸರು ಹುಲಿ ಹೇಮಾ ಎಂದಾಯಿತು. ಅಂಗಡಿಗೆ ಹೋದರೆ, "ಏನಮ್ಮಾ, ಹುಲಿ ಊಟ ಮಾಡ್ತಾ?" ಎನ್ನುತ್ತಿದ್ದರು. ಮೊದಲೆರಡು ದಿನ ನೆಲ ನೋಡಿಕೊಂಡು ಬಂದೆ. ಮೂರನೇ ದಿನ, "ಮಾಡ್ತು, ನಿಮ್ಮನ್ನ ಕೇಳ್ತಿತ್ತು," ಎಂದೆ. ಅಂಗಡಿಯವರು ನಕ್ಕರು. ನನಗೂ ನಗು ಬಂತು. ನಾಲ್ಕು ಜನರ ಎದುರಿಗೆ ನಾನು ಆಡಿದ ಮೊದಲ ತಮಾಷೆ ಅದು.

ಡಾಕ್ಟರು ಹರಳೆಣ್ಣೆ ಕಡಿಮೆ ಮಾಡಲು ಹೇಳಿ, ಉಳಿದದ್ದು ಪರವಾಗಿಲ್ಲ ಎಂದರು. ತಮ್ಮಯ್ಯ ಮಾವನ ನಾಯಿಗೆ ಬರೆದೆ. ಆಮೇಲೆ ಇನ್ನೂ ನಾಲ್ಕು ನಾಯಿಗಳಿಗೆ. ಹೋದ ಕಡೆಯಲ್ಲೆಲ್ಲ ಹುಲಿ ಕಂಡು ಕೋತಿಗಳು ಗುಡ್ಡದ ಕಡೆ ಸರಿದವು. ಎಷ್ಟು ದಿನ ಎಂದು ಹೇಳಲಾರೆ, ಅವು ದಡ್ಡವಲ್ಲ.

ಮುಂದಿನ ತಿಂಗಳು ಗೆಂಡೆಹಳ್ಳಿಯಿಂದ ಶರತ್ಚಂದ್ರ ಎಂಬವರು ತಮ್ಮ ನಾಯಿಗೂ ಪಟ್ಟೆ ಬರೆಸಬೇಕೆಂದು ಫೋನು ಮಾಡಿದರು. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಆಚೆ ಹೋದರು. ನಾನೇ ಮಾತಾಡಿದೆ, ನಾನೇ ದಿನ ಹೇಳಿದೆ. ಆ ದಿನ ಗಿಟುಕನ್ನು ಹಗ್ಗ ಹಿಡಿದೇ ಜೊತೆಗೆ ಕರೆದೊಯ್ದೆ. ಬೇಲೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಗಿಟುಕಿಗೂ ಟಿಕೆಟ್ ಹರಿದು ಕೊಟ್ಟರು. ಅದು ಕಿಟಕಿ ಪಕ್ಕ ಕೂತು, ಹತ್ತಿದವರ ಮುಖವನ್ನೆಲ್ಲ ನೋಡುತ್ತಾ ಬಂತು.

ಶರತ್ಚಂದ್ರ ಅವರ ನಾಯಿ ನೋಡಿ ನಾನು ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ನಾಯಿ ಇದ್ದಿಲಿನ ಹಾಗೆ ಕಪ್ಪಗಿತ್ತು.

"ಇದಕ್ಕೆ ಪಟ್ಟೆ ಕಾಣಲ್ಲ," ಎಂದೆ. "ಬರೆಯಲ್ಲ ನಾನು."

"ಅಷ್ಟು ದೂರದಿಂದ ಬಂದು ಹಿಂಗಂದ್ರೆ ಹೆಂಗಮ್ಮಾ? ಒಂಚೂರು ಏನಾದ್ರೂ ಬಳೀರಿ."

"ಸ್ವಲ್ಪ ಹೊತ್ತು ಕೂತಿರ್ತೀನಿ," ಎಂದೆ.

ಅವರ ಅಂಗಳದ ಕಟ್ಟೆಯ ಮೇಲೆ ಒಂದು ತಾಸು ಕೂತೆ. ಅವರು ಎರಡು ಸಲ ಕಾಫಿ ತಂದರು, ಮೂರು ಸಲ ಗಡಿಯಾರ ನೋಡಿದರು. ಕೋತಿಗಳು ಬಂದವು. ನಾಯಿ ಸರಪಳಿ ಜಗ್ಗುತ್ತಾ ಬೊಗಳಿತು. ಕೋತಿಗಳು ಅದರ ಮೂಗಿಗಿಂತ ಒಂದು ಗೇಣು ಆಚೆ ಕೂತು ನಿರಾಳವಾಗಿ ಬಾಳೆಕಾಯಿ ಸುಲಿದವು. ಒಂದು ಮರಿ ಮುಂದೆ ಬರುತ್ತಿದ್ದಾಗ ತಾಯಿ ಅದರ ಬಾಲ ಹಿಡಿದು, ಸರಿಯಾಗಿ ಅದೇ ಗೆರೆಗೆ ಎಳೆದುಕೊಂಡಿತು.

"ಈ ನಾಯಿನ ಎಷ್ಟು ದಿನದಿಂದ ಈ ಗೂಟಕ್ಕೇ ಕಟ್ತಿದೀರಾ?"

"ಮೂರು ವರ್ಷ ಆಯ್ತು."

"ಸರಪಳಿ ಎಷ್ಟುದ್ದ ಅಂತ ಕೋತಿಗೆ ನಿಮಗಿಂತ ಚೆನ್ನಾಗಿ ಗೊತ್ತು. ದಿನಾ ಬೇರೆ ಬೇರೆ ಕಡೆ ಕಟ್ಟಿ. ಬೆಳಿಗ್ಗೆ ಅವು ಬರೋ ಹೊತ್ತಿಗೆ ಒಂದು ಗಂಟೆ ಬಿಚ್ಚಿಬಿಡಿ. ಬಣ್ಣ ಬೇಡ. ಕರಿಚಿರತೆ ಅಂತ ಇರ್ತದಂತೆ, ನಿಮ್ಮದು ಆಗಲೇ ಅದು."

ಅವರು ನಾಯಿಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಗೂಟದ ಸುತ್ತ ಸವೆದು ಗುಂಡಗಾಗಿದ್ದ ನೆಲ ನೋಡಿದರು. ಆಮೇಲೆ ಬಗ್ಗಿ ಸರಪಳಿ ಬಿಚ್ಚಿದರು. ಕರಿಯ ನಾಯಿ ಆ ಗೆರೆಯ ತುದಿಯವರೆಗೆ ಹೋಗಿ, ಅಭ್ಯಾಸಕ್ಕೆ ಅಲ್ಲೇ ನಿಂತಿತು. ಗಿಟುಕು ಗಂಟೆ ಅಲ್ಲಾಡಿಸುತ್ತಾ ಹೋಗಿ ಅದರ ಮುಖ ಮೂಸಿ, ಆ ಗೆರೆ ದಾಟಿ, ತಿರುಗಿ ನೋಡಿತು. ಮರುಕ್ಷಣ ಎರಡೂ ತೋಟದೊಳಗೆ ಓಡುತ್ತಿದ್ದವು, ಮರಗಳ ಮೇಲೆ ಕಿರುಚಾಟ ಎದ್ದಿತ್ತು.

"ಆಚೆ ಮನೆಯವರ ತೋಟನೂ ಒಂದೈತೆ," ಎಂದರು ಶರತ್ಚಂದ್ರ. "ಅವ್ರಿಗೂ ಸ್ವಲ್ಪ ಬಂದು ನೋಡಿ ಹೇಳ್ತೀರಾ?"

"ಹೇಳ್ತೀನಿ," ಎಂದು ಗಿಟುಕನ್ನು ಕೂಗಿ ಕರೆದೆ.